ಬುಷ್ ಅಕ್ಕನ ಹಳದಿ ಗೆರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎತ್ತಿದ ಶಟರಿನ ಒಳಗೆ, ನೀಲಿ ಸ್ಪೋರ್ಟ್ಸ್ ಕಾರಿನ ಅಡಿಯಿಂದ ಎರಡು ಕಾಲು ಹೊರಗೆ ಚಾಚಿವೆ. ಕಾಲಿಗೆ ಗಂಡಸರ ಬೂಟು, ಒಂದರ ಲೇಸು ಕಿತ್ತುಹೋಗಿ ಅದರ ಜಾಗದಲ್ಲಿ ತಾಮ್ರದ ತಂತಿ. ಪಕ್ಕದಲ್ಲಿ ಕಾರಿನ ಒಡೆಯ ಚಹಾದ ಲೋಟ ಹಿಡಿದು ನಿಂತಿದ್ದಾನೆ. ವಾರವೆಲ್ಲ ಬಟ್ಟೆ ಅಂಗಡಿ, ಭಾನುವಾರ ರೇಸು. ಈ ಹುಚ್ಚು ಇನ್ನೂ ಹೊಸತು.

“ಬ್ರೇಕ್ ಒತ್ತಿದ್ರೆ ಸಾಕು ಅಕ್ಕಾ, ಎಡಕ್ಕೆ ಎಳೆಯುತ್ತೆ. ನಾಲ್ಕೂ ಟೈರ್ ಹೊಸದು ಹಾಕ್ಸಿದೆ. ಶಾಕ್ ಅಬ್ಸಾರ್ಬರ್ ಬದಲಾಯ್ಸಿದೆ. ಸ್ಟೇರಿಂಗಿಗೆ ಹೊಸ ಚರ್ಮಾನೂ ಹೊಲಿಸ್ದೆ.”

“ಚರ್ಮ ಯಾಕೆ?” ಕಾರಿನಡಿಯಿಂದ ಪ್ರಶ್ನೆ.

“ಹೇಗೂ ಎಲ್ಲಾ ಮಾಡಿಸ್ತಿದೀನಲ್ಲ ಅಂತ...”

ಅಡಿಯಿಂದ ದೊಡ್ಡದೊಂದು ನಿಟ್ಟುಸಿರು. ಹಿಂದೆಯೇ ಕಬ್ಬಿಣದ ಮೀಟುಗೋಲಿನ ಸದ್ದು. ಚಕ್ರವನ್ನು ಕಾರಿನ ಮೈಗೆ ಹಿಡಿದಿಟ್ಟಿರುವ ತೋಳು ‘ಟಕ್’ ಎಂದು ಆಚೆಗೊಮ್ಮೆ, ‘ಟಕ್’ ಎಂದು ಈಚೆಗೊಮ್ಮೆ ವಾಲುತ್ತದೆ. ವಾಲಬಾರದ್ದು ಅದು.

“ಕೇಳಿಸ್ತಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾ ಬಂದಿದೀರಿ. ಬುಷ್ ಸತ್ತು ಯಾವ ಕಾಲ ಆಯ್ತೋ!”

ಗಾಲಿ ಹಚ್ಚಿದ ಹಲಗೆಯ ಮೇಲೆ ಮಲಗಿದ್ದ ಹೆಂಗಸು ಸರ್‍ರನೆ ಹೊರಗೆ ಬರುತ್ತಾರೆ. ವಯಸ್ಸು ಐವತ್ತರ ಆಸುಪಾಸು, ಮುಖಕ್ಕೆಲ್ಲ ಕಪ್ಪು ರಬ್ಬರಿನ ಪುಡಿ, ಹಣೆಯ ಮೇಲೆ ಸದಾ ಒಂದು ಗಂಟು. ರೇಸಿನವರಿಗೆಲ್ಲ ಇವರು ಬುಷ್ ಅಕ್ಕ. ಹೆತ್ತವರಿಟ್ಟ ಹೆಸರು ಕೇಳಿದರೆ, “ಅದನ್ನ ತಗೊಂಡು ಏನ್ ಮಾಡ್ತೀರಿ, ಯಾರೂ ಕೂಗಲ್ಲ” ಎನ್ನುತ್ತಾರೆ.

ಬುಷ್ ಎಂದರೆ ಏನೆಂದು ಗೊತ್ತಿಲ್ಲದವರು ನಾಚಿಕೊಳ್ಳಬೇಕಿಲ್ಲ, ಕಾರು ಇಟ್ಟುಕೊಂಡವರಿಗೇ ಗೊತ್ತಿರುವುದಿಲ್ಲ. ಚಕ್ರದ ತೋಳು ಕಾರಿನ ಮೈಗೆ ಸೇರುವ ಕಡೆ ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ಕೂರಿಸುವ ದಪ್ಪನೆಯ ರಬ್ಬರಿನ ಬಳೆ ಅದು. ಮೊಣಕಾಲಿನ ಮೂಳೆಗಳ ನಡುವಿನ ಮೆತ್ತೆ ಇದ್ದ ಹಾಗೆ. ಸಂತೆಗೂ ಶಾಲೆಗೂ ಓಡಾಡುವ ಕಾರಿನಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಅದೇ ಕಾರನ್ನು ರೇಸಿಗೆ ಒಯ್ದು, ತಿರುವಿನಲ್ಲಿ ಉಸಿರು ಕಟ್ಟುವಷ್ಟು ಬ್ರೇಕ್ ಒತ್ತಿ, ಅಂಚಿನ ದಿಬ್ಬಗಳ ಮೇಲೆ ಹಾರಿಸಿದರೆ ರಬ್ಬರು ಕಾದು, ಸೀಳಿ, ಒಂದೇ ಹಂಗಾಮಿಗೆ ಪುಡಿಪುಡಿಯಾಗುತ್ತದೆ. ಆಮೇಲೆ ಕಾರು ಹೇಳಿದ ಮಾತು ಕೇಳುವುದಿಲ್ಲ. ಓಡಿಸುವವನು ಟೈರನ್ನು ಬೈಯುತ್ತಾನೆ, ರಸ್ತೆಯನ್ನು ಬೈಯುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಕಥೆ.

ಅಕ್ಕ ಮೊದಲು ಚಪ್ಪಲಿಯ ಅಟ್ಟೆ ಮಾಡುವ ಕಾರ್ಖಾನೆಯಲ್ಲಿದ್ದರು. ರಬ್ಬರಿನ ಗುಣ ಕಲಿತದ್ದು ಅಲ್ಲೇ. ಉಗುರಿನಿಂದ ಒತ್ತಿ ನೋಡಿದರೆ ಅದರ ಆಯುಸ್ಸು ಎಷ್ಟು ಉಳಿದಿದೆಯೆಂದು ಅಂದಾಜು ಹೇಳುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಈ ಶೆಡ್ಡಿನ ಮೇಸ್ತ್ರಿಗೆ ಬುಷ್ ಒತ್ತಿ ಕೂರಿಸುವ ಪ್ರೆಸ್ಸಿನ ಮೇಲೆ ಕೆಲಸ ಮಾಡಲು ಒಬ್ಬರು ಬೇಕಿತ್ತು. “ಎಂಜಿನ್ ಅಂದ್ರೆ ಎಲ್ಲರೂ ನಾ ಮುಂದೆ ತಾ ಮುಂದೆ. ಬುಷ್ ಅಂದ್ರೆ ಎಲ್ಲರಿಗೂ ಸೊಂಟನೋವು. ನನಗೆ ಬೇರೆ ದಾರಿ ಇರ್ಲಿಲ್ಲ, ಬಂದೆ.” ಮೇಸ್ತ್ರಿ ಕಣ್ಣು ಮಂಜಾಗಿ ಮನೆ ಸೇರಿದ ಮೇಲೆ ಶೆಡ್ಡು ಅಕ್ಕನದೇ ಆಯಿತು.

ದಿನಕ್ಕೊಂದು ಕಾರು, ರೇಸಿನ ವಾರದಲ್ಲಿ ಎರಡು. ಒಂದೊಂದರಲ್ಲೂ ಎಂಟೋ ಹತ್ತೋ ಬುಷ್ಷು. ತುಕ್ಕು ಹಿಡಿದು ಕಚ್ಚಿಕೊಂಡದ್ದನ್ನು ಕಾಯಿಸಿ, ಗರಗಸದಲ್ಲಿ ಕೊಯ್ದು, ಪ್ರೆಸ್ಸಿನಲ್ಲಿ ಒತ್ತಿ ತೆಗೆಯಬೇಕು. ಸುಟ್ಟ ರಬ್ಬರಿನ ವಾಸನೆ ತಲೆಗೂದಲಿನಿಂದ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಎಡಭುಜ ಅರ್ಧಕ್ಕಿಂತ ಮೇಲೆ ಏಳುವುದಿಲ್ಲ. ಗೆದ್ದವರು ಮೈಕು ಹಿಡಿದು ಟೈರಿನವರಿಗೆ, ಎಂಜಿನ್ನಿನವರಿಗೆ, ಹೆಂಡತಿಗೆ ಧನ್ಯವಾದ ಹೇಳುತ್ತಾರೆ. ಬುಷ್ಷಿನ ಹೆಸರು ಎತ್ತಿದವರನ್ನು ಅಕ್ಕ ಇನ್ನೂ ಕಂಡಿಲ್ಲ.

ಅದಕ್ಕಾಗಿ ಅವರು ಸಿಡುಕುವುದಿಲ್ಲ. ಸಿಡುಕುವುದು ಒಂದೇ ಒಂದು ತಪ್ಪಿಗೆ. ಬೇರೆ ಶೆಡ್ಡಿನವರು ಕಾರನ್ನು ಜಾಕಿನಲ್ಲಿ ಎತ್ತಿ, ಚಕ್ರ ಬಿಚ್ಚಿ, ಹೊಸ ಬುಷ್ ಕೂರಿಸುತ್ತಾರೆ. ಆಗ ತೋಳು ಕೆಳಕ್ಕೆ ಜೋತುಬಿದ್ದಿರುತ್ತದೆ. ಕೈಗೆ ಸಲೀಸಾಗಿ ಸಿಗುತ್ತದೆಂದು ಅಲ್ಲೇ ಬೋಲ್ಟನ್ನೂ ಬಿಗಿದುಬಿಡುತ್ತಾರೆ. ಕಾರು ಇಳಿಸಿದೊಡನೆ ತೋಳು ಮೇಲೇರುತ್ತದೆ, ಬೋಲ್ಟು ಬಿಡುವುದಿಲ್ಲ, ನಡುವೆ ಸಿಕ್ಕ ರಬ್ಬರು ಹಿಂಡಿಕೊಂಡೇ ಇರುತ್ತದೆ.

“ಕತ್ತು ತಿರುಚ್ಕೊಂಡು ಮಲಗಿದ್ರೆ ಬೆಳಗ್ಗೆ ಏನಾಗುತ್ತೆ? ಅದು ಹಗಲೂ ರಾತ್ರಿ ಹಾಗೇ ಮಲಗಿರುತ್ತೆ ರೀ, ಪಾಪ! ಹರೀದೆ ಏನ್ ಮಾಡುತ್ತೆ? ಸಾವಿರ ಸಲ ಹೇಳಿದೀನಿ. ಕಲ್ಲಿನ ಮೇಲೆ ನೀರು ಸುರಿದ ಹಾಗೆ.”

ಅಕ್ಕನ ಕ್ರಮ ಬೇರೆ. ಬೋಲ್ಟನ್ನು ಸಡಿಲ ಬಿಟ್ಟು, ಚಕ್ರ ತೊಡಿಸಿ, ನಾಲ್ಕು ಮರದ ದಿಮ್ಮಿಗಳ ಮೇಲೆ ಕಾರನ್ನು ಇಳಿಸುತ್ತಾರೆ. ಓಡಿಸುವವನನ್ನೇ ಸೀಟಿನಲ್ಲಿ ಕೂರಿಸುತ್ತಾರೆ. ಕಾರು ತನ್ನ ಪೂರ್ತಿ ಭಾರದಲ್ಲಿ ಕುಳಿತ ಮೇಲೆ, ಹಲಗೆಯ ಮೇಲೆ ಮಲಗಿ, ಚಕ್ರದ ಸಂದಿಯಲ್ಲಿ ಎಡಗೈ ತೂರಿಸಿ ಕೊನೆಯ ಬಿಗಿ ಕೊಡುತ್ತಾರೆ. ಒಡೆಯನ ತೂಕಕ್ಕೆ ಸಮನಾಗಿ ಮರಳಿನ ಚೀಲ ಇಟ್ಟರಾಗದೇ ಎಂದು, ಅವರ ಕಥೆ ಬರೆದುಕೊಳ್ಳಲು ಬಂದ ನಾನು ಕೇಳಿದ್ದಕ್ಕೆ ಕೈ ಝಾಡಿಸಿದರು. “ಇಟ್ಟು ನೋಡಿದ್ದಾಯ್ತು. ತೂಕ ಕೇಳಿದ್ರೆ ಎಲ್ಲರೂ ಮದುವೆಗೆ ಮುಂಚಿನದ್ದು ಹೇಳ್ತಾರೆ.”

ಬಿಗಿ ಮುಗಿದ ಮೇಲೆ ಬೋಲ್ಟಿನ ತಲೆಯಿಂದ ಕಬ್ಬಿಣದವರೆಗೆ ಒಂದು ಹಳದಿ ಗೆರೆ. ಬೋಲ್ಟು ಕದಲಿದರೆ ಗೆರೆ ಮುರಿದು ಕಾಣುತ್ತದೆ. ಬಣ್ಣ ಬೇರೇನಲ್ಲ, ಹೆಂಗಸರ ಉಗುರುಬಣ್ಣ. ಕುಂಚ ಮುಚ್ಚಳದಲ್ಲೇ ಇರುವುದರಿಂದ ಮಲಗಿದಲ್ಲೇ ಒಂದೇ ಕೈಯಲ್ಲಿ ಬಳಿಯಬಹುದು. ಹಳದಿ ಯಾಕೆಂದರೆ, ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿಯುವ ಬಣ್ಣ ಅದೊಂದೇ.

ಗೆರೆ ಚಿಕ್ಕದಾದರೂ ಅದಕ್ಕೊಂದು ಮರ್ಯಾದೆ ಇತ್ತು. ರೇಸಿನ ದಿನ ಮುಂಜಾನೆ ಗೇಟಿನಲ್ಲಿ ಪ್ರತಿ ಕಾರನ್ನೂ ತಪಾಸಣೆ ಮಾಡಿ ಬಿಡುವವರು ಒಬ್ಬ ಹಿರಿಯರು. ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದವರು, ಈಗ ಎಲ್ಲರ ಬಾಯಲ್ಲಿ ಗೇಟಿನ ತಾತ. ಬೇರೆ ಕಾರುಗಳ ಅಡಿಗೆ ಮಲಗಿ ಬೋಲ್ಟು ತಟ್ಟಿ ನೋಡುತ್ತಿದ್ದ ತಾತ, ಹಳದಿ ಗೆರೆಯ ಕಾರಿಗೆ ಮಾತ್ರ ಟಾರ್ಚ್ ಬಿಟ್ಟು, “ಅಕ್ಕನ ಗೆರೆ ಇದೆ, ನಡಿ” ಎನ್ನುತ್ತಿದ್ದರು. ಅಕ್ಕನ ಇಷ್ಟು ವರ್ಷದ ದುಡಿಮೆಗೆ ಸಿಕ್ಕ ಬಿರುದು ಅಂತಿದ್ದರೆ ಅದೇ.

ಆ ಬಿರುದಿಗೆ ಕಳೆದ ಭಾನುವಾರ ಕಲ್ಲು ಹಾಕಿದ್ದು ಸ್ವಂತ ತಮ್ಮ.

ತಮ್ಮನಿಗೆ ಲಿಫ್ಟ್ ರಿಪೇರಿ ಕೆಲಸ. ಹಳೆಯದೊಂದು ಕೆಂಪು ಕಾರು ಹಿಡಿದು, ವರ್ಷವಿಡೀ ರಜಾ ದಿನಗಳನ್ನೆಲ್ಲ ಅದಕ್ಕೇ ಸುರಿದು, ಆ ಭಾನುವಾರ ಮೊದಲ ಸಲ ರೇಸಿಗೆ ಇಳಿಯುವವನಿದ್ದ. ಬುಷ್ ಬದಲಿಸಬೇಕಿತ್ತು. ಶೆಡ್ಡಿನಲ್ಲಿ ಸರದಿ ತುಂಬಿತ್ತು, ಅಕ್ಕ ಶನಿವಾರ ಮಧ್ಯಾಹ್ನ ಬಾ ಎಂದರು. ಶನಿವಾರ ಬೆಳಗಿನ ಅಭ್ಯಾಸ ತಪ್ಪುತ್ತದೆಂದು ಅವನು ಹಟ ಹಿಡಿದ. ಅಮ್ಮನ ಫೋನು ಬಂತು: “ಹೊರಗಿನವರದ್ದೆಲ್ಲ ಮಾಡ್ತೀಯಲ್ಲೇ, ಒಡಹುಟ್ಟಿದವನದ್ದು ಮೊದಲು ಮಾಡಿದ್ರೆ ಗಂಟೇನು ಹೋಗುತ್ತೆ?” ಅಕ್ಕ ಸರದಿ ಮುರಿಯಲಿಲ್ಲ. ಮರುದಿನ ತಮ್ಮನೇ, “ಬಿಡಕ್ಕಾ, ಬೇರೆ ಕಡೆ ಆಯ್ತು” ಎಂದ. ಪೀಡೆ ಕಳೆಯಿತೆಂದು ಅಕ್ಕ ಸುಮ್ಮನಾದರು. ಅದೇ ಹೊತ್ತಿಗೆ ಗೂಡಿನಲ್ಲಿದ್ದ ಉಗುರುಬಣ್ಣದ ಸೀಸೆ ಒಂದು ಕಾಣೆಯಾಗಿತ್ತು. ಇಲಿ ಒಯ್ದಿರಬೇಕು ಅಂದುಕೊಂಡರಂತೆ.

ಭಾನುವಾರ ಮುಂಜಾನೆ ಅಕ್ಕ ಗೇಟಿನ ಪಕ್ಕ ಚಹಾ ಕುಡಿಯುತ್ತಾ ನಿಂತಿದ್ದಾಗ ಕೆಂಪು ಕಾರು ಬಂತು. ತಾತ ಟಾರ್ಚ್ ಬಿಟ್ಟರು. “ಏನಪ್ಪಾ, ನಿಮ್ಮಕ್ಕನದೇ ಗೆರೆ! ನಡಿ ನಡಿ.”

ಅಕ್ಕ ಲೋಟ ಕೆಳಗಿಟ್ಟರು. ತಾನು ಮುಟ್ಟಿಯೇ ಇಲ್ಲದ ಕಾರಿಗೆ ತನ್ನ ಗೆರೆ ಎಲ್ಲಿಂದ ಬಂತು? ಬಗ್ಗಿ ನೋಡಿದರು. ಸ್ಕೇಲು ಇಟ್ಟು ಎಳೆದ ಹಾಗೆ ನೆಟ್ಟಗಿತ್ತು. ಚಕ್ರದ ಸಂದಿಯಲ್ಲಿ, ನೋಯುವ ಎಡಗೈಯಲ್ಲಿ, ಕಾಣದೆ ಬಳಿಯುವ ಅಕ್ಕನ ಗೆರೆ ಒಂದು ದಿನವೂ ನೆಟ್ಟಗೆ ಬಂದದ್ದಿಲ್ಲ. ಇದು ಚಕ್ರ ಬಿಚ್ಚಿ, ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಬಳಿದದ್ದು. ಅಂದರೆ ಕಾರು ಮೇಲೆ ಎತ್ತಿದ್ದಾಗಲೇ ಬಿಗಿದದ್ದು.

“ನೀನೇ ಮಾಡ್ದೆಯೇನೋ?”

ತಮ್ಮ ಹೆಲ್ಮೆಟ್ಟಿನೊಳಗಿಂದ ಪಿಸುಗುಟ್ಟಿದ. “ಬೋಲ್ಟ್ ಗಟ್ಟಿಯಾಗೇ ಇದೆ ಅಕ್ಕಾ. ನಾನೂ ನಟ್ಟು ಬೋಲ್ಟಿನವನೇ ಅಲ್ವಾ? ಇದೊಂದು ರೇಸು, ಕೈ ಮುಗೀತೀನಿ, ಸುಮ್ನಿರು.”

ಸುಮ್ಮನಿರಬಹುದಿತ್ತು. ತಾತನಿಗೆ ಅನುಮಾನವಿಲ್ಲ, ಉಳಿದವರಿಗೆ ಗೊತ್ತಿಲ್ಲ. ಹುಡುಗನ ಒಂದು ವರ್ಷದ ಆಸೆ ಕಣ್ಣೆದುರಿಗೇ ನಿಂತಿತ್ತು. ಅಕ್ಕನಿಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವಂತೆ. ಈಗ ನೆನೆದು ಹೇಳುತ್ತಾರೆ: “ಬುಷ್ ಅವತ್ತೇ ಹರಿಯುತ್ತೋ, ತಿಂಗಳು ಬಿಟ್ಟು ಹರಿಯುತ್ತೋ, ದೇವರೇ ಬಲ್ಲ. ಆದ್ರೆ ತಿರುವಿನಲ್ಲಿ ಕೈ ಕೊಟ್ರೆ ಇವನೊಬ್ಬನೇ ಅಲ್ಲ, ಪಕ್ಕದಲ್ಲಿ ಓಡಿಸ್ತಿರೋನೂ ಯಾರದೋ ತಮ್ಮನೇ ತಾನೆ? ಅವನು ನನ್ನ ಗೆರೆ ನಂಬ್ಕೊಂಡು ಪಕ್ಕಕ್ಕೆ ಬಂದಿರ್ತಾನೆ.”

“ತಾತಾ,” ಎಂದರು ಅಕ್ಕ, “ಅದು ನನ್ನ ಗೆರೆ ಅಲ್ಲ.”

ಆಮೇಲಿನದು ರಾದ್ಧಾಂತ. ಒಂದು ಗೆರೆ ಸುಳ್ಳಾದ ಮೇಲೆ ಉಳಿದವನ್ನು ನಂಬುವುದು ಹೇಗೆ? ತಾತ ಹಳದಿ ಗೆರೆಯ ಕಾರುಗಳನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿ ಒಂದೊಂದರ ಅಡಿಗೂ ಮಲಗಿದರು. “ನನ್ನ ಸೊಂಟ ತೆಗೆದೆ ಕಣಮ್ಮಾ,” ಎಂದು ಪ್ರತಿ ಸಲ ಏಳುವಾಗಲೂ ನರಳಿದರು. ರೇಸು ತಡವಾಯಿತು. ಅಕ್ಕನ ಹಳೆಯ ಗಿರಾಕಿಯೊಬ್ಬ, “ಮನೆ ಜಗಳ ಮನೇಲಿ ಇಟ್ಕೋಬಾರ್ದಾ? ಮುಂದಿನ ಸಲ ನಾನು ಬೇರೆ ಕಡೆ ನೋಡ್ಕೋತೀನಿ” ಎಂದು ಎಲ್ಲರೆದುರೇ ಅಂದ.

ಅಕ್ಕ ತಮ್ಮನ ಕಾರಿನ ಬೋಲ್ಟು ಸಡಿಲಿಸಿದರು. ಹಿಂಡಿಕೊಂಡಿದ್ದ ರಬ್ಬರು ‘ಠಪ್’ ಎಂದು ಬಿಚ್ಚಿಕೊಂಡಿತು. ಹಿಂದಿನ ಎಡಗಡೆಯ ಬುಷ್ಷು ಒಂದು ಬೆಳಗಿನ ಅಭ್ಯಾಸಕ್ಕೇ ಅಂಚಿನಲ್ಲಿ ಬಾಯಿ ಬಿಟ್ಟಿತ್ತು, ಉಗುರು ಇಳಿಯುವಷ್ಟು. ಆ ಅಳತೆಯ ಬುಷ್ಷು ಅಲ್ಲಿ ಯಾರ ಹತ್ತಿರವೂ ಇರಲಿಲ್ಲ. ತಮ್ಮ ಹೆಲ್ಮೆಟ್ಟು ಮಡಿಲಲ್ಲಿಟ್ಟುಕೊಂಡು, ಬೇರೆಯವರು ಓಡಿಸುವುದನ್ನು ಬೇಲಿಯಾಚೆಯಿಂದ ನೋಡಿದ.

ಅಮ್ಮ ಮೂರು ದಿನ ಅಕ್ಕನ ಜೊತೆ ಮಾತು ಬಿಟ್ಟರು. ಮಗ ಉಣ್ಣದೆ ಮಲಗಿದ್ದನ್ನು ನೆರೆಮನೆಯವರ ಮೂಲಕ ಹೇಳಿ ಕಳಿಸಿದರು. “ನಾನೂ ಉಂಡಿರ್ಲಿಲ್ಲ. ಅದನ್ನ ಯಾರೂ ಕೇಳ್ಲಿಲ್ಲ ನೋಡಿ,” ಎನ್ನುವಾಗ ಅಕ್ಕನ ದನಿ ಸಣ್ಣಗಾಗುತ್ತದೆ. ಮರುಕ್ಷಣ ನೀಲಿ ಕಾರಿನಲ್ಲಿ ಕೂತ ಬಟ್ಟೆ ಅಂಗಡಿಯವನ ಮೇಲೆ ಹರಿಹಾಯುತ್ತಾರೆ: “ಸೀಟಲ್ಲಿ ಅಲ್ಲಾಡ್ಬೇಡಿ ಅಂದ್ನಲ್ಲ! ಫೋಟೊ ಆಮೇಲೆ ತೆಕ್ಕೊಳ್ಳಿ.”

ಒಂದು ಲಾಭವೂ ಆಗಿದೆ. ತಾತ ಅಂದು ಅಷ್ಟೊಂದು ಗೆರೆಗಳನ್ನು ಹತ್ತಿರದಿಂದ ಕಂಡಿದ್ದರಿಂದ ಅವರಿಗೆ ಗುರುತು ಹತ್ತಿದೆ. ಗೆರೆ ನೆಟ್ಟಗಿದ್ದರೆ ಅಡಿಗೆ ಮಲಗುತ್ತೇನೆ, ಸೊಟ್ಟಗಿದ್ದರೆ ಬಿಡುತ್ತೇನೆ ಎಂದು ಹೇಳಿ ಕಳಿಸಿದ್ದಾರೆ. ಬೇರೆ ಕಡೆ ನೋಡ್ಕೋತೀನಿ ಎಂದಿದ್ದ ಗಿರಾಕಿ ನಿನ್ನೆ ಬಂದು ಸರದಿ ಹಿಡಿದು ಹೋಗಿದ್ದಾನೆ.

ನೀಲಿ ಕಾರು ಹೊರಟಿತು. ಇಳಿಬಿಸಿಲು ಶೆಡ್ಡಿನೊಳಗೆ ಬಂದಿದೆ. ಈಗ ದಿಮ್ಮಿಗಳ ಮೇಲೆ ನಿಂತಿರುವುದು ಕೆಂಪು ಕಾರು. ಅದರಡಿ ಹಲಗೆಯ ಮೇಲೆ ಮಲಗಿರುವವನು ತಮ್ಮ. ಈ ಸಲ ಅವನು ಸರದಿಗೆ ಕಾದು ಬಂದಿದ್ದಾನೆ, ನೀನೇ ಮಾಡು ಎಂದು ಅಕ್ಕ ಬೋಲ್ಟು ಬಿಗಿಯುವ ಪಾನ ಕೈಗೆ ಕೊಟ್ಟಿದ್ದಾರೆ. ಓಡಿಸುವವನೇ ಅಡಿಗೆ ಹೋದ ಮೇಲೆ ಸೀಟಿಗೆ ಅಷ್ಟೇ ತೂಕದವರು ಬೇಕಲ್ಲ. ಮಗನ ಕಾರಿಗೆ ಏನು ಮಾಡುತ್ತಾಳೋ ನೋಡೋಣವೆಂದು ಜೊತೆಗೆ ಬಂದಿದ್ದ ಅಮ್ಮನನ್ನೇ ಅಕ್ಕ ಹತ್ತಿಸಿದ್ದಾರೆ.

“ಇವನದೂ ಅಮ್ಮನದೂ ಒಂದೇ ತೂಕ,” ಎನ್ನುತ್ತಾರೆ ಅಕ್ಕ.

“ಏನಂದೆ? ನಾನು ಅಷ್ಟೊಂದಿಲ್ಲ!” ನಿಂತ ಕಾರಿನ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ ಅಮ್ಮ ರೇಗುತ್ತಾರೆ. “ಇನ್ನೆಷ್ಟು ಹೊತ್ತು ಕೂರ್ಬೇಕು? ಕಾಲು ಜೋಮು ಹಿಡೀತು.”

“ಎಲ್ಲರಿಗೂ ಅವಸರ,” ಎಂದು ಅಕ್ಕ ನನ್ನತ್ತ ತಿರುಗುತ್ತಾರೆ. “ನನಗೇನು ಆಸೆ ಅಂತ ಕೇಳಿದ್ರಲ್ಲ, ಬರ್ಕೊಳ್ಳಿ. ಬೋಲ್ಟ್ ಬಿಗಿಯೋ ಮುಂಚೆ ಕಾರನ್ನ ಕೆಳಗೆ ಇಳಿಸ್ಲಿ. ನಾನಿಲ್ಲದಾಗ್ಲೂ ಇಳಿಸ್ಲಿ. ಅಷ್ಟೇ.”

ಚಕ್ರದ ಸಂದಿಯಿಂದ ತಮ್ಮನ ಕೈ ಹೊರಬರುತ್ತದೆ. ಬೆರಳು, ಅಂಗೈ, ಮಣಿಕಟ್ಟು ಎಲ್ಲ ಹಳದಿ. ಅಕ್ಕ ಮೊಣಕಾಲೂರಿ ಟಾರ್ಚ್ ಬಿಡುತ್ತಾರೆ, ತುಂಬ ಹೊತ್ತು ನೋಡುತ್ತಾರೆ.

“ಸೊಟ್ಟಗಿದೆ.”

“ಒಳಗೆ ಕೈ ತಿರುಗಲ್ಲ ಅಕ್ಕಾ, ಏನೂ ಕಾಣಿಸಲ್ಲ. ಅಳಿಸಿ ಇನ್ನೊಂದ್ಸಲ ನೀಟಾಗಿ ಹಾಕ್ಲಾ?”

“ಮುಟ್ಟಿದ್ರೆ ಕೈ ಮುರೀತೀನಿ,” ಎನ್ನುತ್ತಾರೆ ಅಕ್ಕ. “ಅಮ್ಮಾ, ಇನ್ನು ಇಳಿ. ನಿನ್ನ ಮಗ ನಾಳೆ ಓಡಿಸ್ತಾನೆ.”