ನಾಲ್ಕನೆಯ ಸಾಕೆಟ್ಟು

ನನ್ನ ಕೆಲಸ ಏನೆಂದು ನಮ್ಮವ್ವನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನೆಂಟರು ಯಾರಾದರೂ ಕೇಳಿದರೆ, "ಅದೇನೋ ಕಣಮ್ಮಿ, ಕುಂತ ಜಾಗ್ದಿಂದ್ಲೇ ಊರೂರು ಸುಚ್ಚು ಆಕ್ತಾಳೆ, ಆರುಸ್ತಾಳೆ" ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾಳೆ. ಮೊದಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಡಿಪ್ಲೊಮಾ ಮಾಡಿದ ಮಗಳನ್ನು ಬೀದಿದೀಪ ಹಾಕುವವಳನ್ನಾಗಿ ಮಾಡಿಬಿಟ್ಟಳಲ್ಲ ಎಂದು ಜಗಳ ತೆಗೆದದ್ದೂ ಉಂಟು. ಈಗ ತೆಗೆಯುವುದಿಲ್ಲ. ಅವಳು ಹೇಳುವುದು ಅಕ್ಷರಶಃ ನಿಜ.

ಪಾಂಡವಪುರದಲ್ಲಿ ಒಂದು ಗೊಬ್ಬರದ ಅಂಗಡಿಯ ಮೇಲೆ ನಮ್ಮ ಆಫೀಸು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಸಣ್ಣ ಕಂಪನಿ. ಪ್ರತಿ ಊರಿನಲ್ಲೂ ಯಾರದೋ ಒಂದು ಮನೆಯ ಗೋಡೆಯ ಮೇಲೆ ನಮ್ಮದೊಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಗೋಡೆ ಕೊಟ್ಟವರಿಗೆ ಇಂಟರ್ನೆಟ್ಟು ಪುಕ್ಕಟೆ. ಪೆಟ್ಟಿಗೆಯೊಳಗೆ ಊರಿಗೆಲ್ಲ ಇಂಟರ್ನೆಟ್ ಹಂಚುವ ರೂಟರು, ಕರೆಂಟು ಹೋದಾಗ ಅದನ್ನು ನಡೆಸುವ ಬ್ಯಾಟರಿ, ಮತ್ತು ಎಂಟು ಸಾಕೆಟ್ಟಿನ ಒಂದು ಪಟ್ಟಿ. ಈ ಪಟ್ಟಿಯೇ ನನ್ನ ಅನ್ನ. ಯಾವ ಸಾಕೆಟ್ಟನ್ನು ಬೇಕಾದರೂ ಇಲ್ಲಿಂದಲೇ, ಕಂಪ್ಯೂಟರಿನ ವೆಬ್ ಪುಟದಲ್ಲಿ ಒಂದು ಗುಂಡಿ ಒತ್ತಿ ಹಾಕಬಹುದು, ಆರಿಸಬಹುದು. ಮೊದಲು ಗೋವಿಂದನಹಳ್ಳಿಯಲ್ಲಿ ರೂಟರು ಕಲ್ಲಿನ ಹಾಗೆ ಕೂತುಬಿಟ್ಟರೆ ಯಾರಾದರೂ ಬೈಕಿನಲ್ಲಿ ಅಷ್ಟು ದೂರ ಹೋಗಿ ಪ್ಲಗ್ಗು ಕಿತ್ತು ಮತ್ತೆ ಹಾಕಿ ಬರಬೇಕಿತ್ತು. ಈಗ ನಾನು ಕಾಫಿ ಕುಡಿಯುತ್ತಾ ಅದನ್ನು ಮಾಡುತ್ತೇನೆ.

ಪುಟದ ಮೇಲೆ ಒಂದೊಂದು ಊರಿಗೆ ಒಂದೊಂದು ಸಾಲು. ಸಾಲಿಗೆ ಎಂಟು ಚುಕ್ಕೆ. ಹಸಿರಿದ್ದರೆ ಸಾಕೆಟ್ಟು ಚಾಲೂ, ಕೆಂಪಿದ್ದರೆ ಬಂದ್, ಬೂದು ಬಣ್ಣವಿದ್ದರೆ ಆ ಊರೇ ನಮ್ಮ ಕೈಗೆ ಸಿಗುತ್ತಿಲ್ಲ ಎಂದು. ಚುಕ್ಕೆಯ ಕೆಳಗೆ, ಆ ಸಾಕೆಟ್ಟಿಗೆ ಏನು ಸಿಕ್ಕಿಸಿದೆ ಎನ್ನುವ ಹೆಸರು. ಏನೂ ಇಲ್ಲದಿದ್ದರೆ 'ಖಾಲಿ'. ಸಾಕೆಟ್ಟು ತಾನಾಗಿ ತನ್ನ ಹೆಸರು ಹೇಳುವುದಿಲ್ಲ. ನಾವು ಬರೆದದ್ದೇ ಅದರ ಹೆಸರು. ನಮ್ಮಪ್ಪ ಕೆ.ಆರ್. ಪೇಟೆಯಲ್ಲಿ ಬಡಗಿ. "ಗೆರೆ ಎಳೀದೆ ಗರಗಸ ಇಡಬ್ಯಾಡ" ಎನ್ನುವುದು ಅವನ ಒಂದೇ ಉಪದೇಶ. ನಾನು ಗೆರೆ ಎಳೆಯಲಿಲ್ಲ.

ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಪೆಟ್ಟಿಗೆ ಇದ್ದದ್ದು ಕೂಡ ಒಬ್ಬ ಬಡಗಿಯ ಮನೆಯಲ್ಲೇ. ನಮ್ಮ ಪೈಕಿಯವರೆಂದು ಗೊತ್ತಾದ ದಿನದಿಂದ ನಾನು ಆ ಮನೆಯ ಹಿರಿಯರನ್ನು ದೊಡ್ಡಪ್ಪ, ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ಮಗನೂ ಬಡಗಿ. ಸೊಸೆ ಟೈಲರಿಂಗ್ ಅಂಗಡಿಗೆ ಹೋಗುತ್ತಾಳೆ. ದೊಡ್ಡಪ್ಪನ ಎದೆಯನ್ನು ಐವತ್ತು ವರ್ಷದ ಮರದ ಹೊಟ್ಟು ತಿಂದುಹಾಕಿತ್ತು. ಡಾಕ್ಟರು ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಮೆಷಿನ್ನು ಹಾಕಿಸಿದ್ದರು. ಮನೆಯವರ ಬಾಯಲ್ಲಿ ಅದು 'ಗಾಳಿ ಮಿಷನ್ನು'. ಊಟ, ಸ್ನಾನ ಬಿಟ್ಟರೆ ಉಳಿದ ಹೊತ್ತೆಲ್ಲ ಅದರ ಕೊಳವೆ ಮೂಗಿಗೆ ಇರಲೇಬೇಕು.

ಬ್ಯಾಟರಿ ಬದಲಾಯಿಸಲು ನಾನು ಹೋದ ದಿನ ಊರಿಗೆ ಕರೆಂಟು ಹೋಗಿತ್ತು. ದೊಡ್ಡಪ್ಪ ಮಂಚದ ತುದಿಯಲ್ಲಿ ಕೂತು, ಎರಡೂ ಕೈ ಮೊಣಕಾಲಿಗೆ ಊರಿ, ಉಸಿರನ್ನು ಬಾವಿಯಿಂದ ಸೇದುವವರ ಹಾಗೆ ಎಳೆಯುತ್ತಿದ್ದರು. ಅವರ ತಲೆಯ ಮೇಲೇ ನಮ್ಮ ಪೆಟ್ಟಿಗೆ ಹಸಿರು ದೀಪ ಉರಿಸಿಕೊಂಡು ಆರಾಮಾಗಿತ್ತು. ನೋಡಿ ನನಗೆ ತಡೆಯಲಾಗಲಿಲ್ಲ. ಮೆಷಿನ್ನಿನ ಪ್ಲಗ್ಗು ತಂದು ನಾಲ್ಕನೆಯ ಸಾಕೆಟ್ಟಿಗೆ ಚುಚ್ಚಿದೆ. ಅದು ದಪ್ಪ ಪ್ಲಗ್ಗು, ಪಕ್ಕದ್ದಕ್ಕೆ ಒತ್ತುತ್ತಿತ್ತು. ಮೂರರಲ್ಲಿದ್ದ ನಮ್ಮ ರೂಟರಿನ ಪ್ಲಗ್ಗು ಕಿತ್ತು ಏಳಕ್ಕೆ ಹಾಕಿದೆ. ಮೆಷಿನ್ನು ಗುರ್ ಎಂದಿತು. ಸ್ವಲ್ಪ ಹೊತ್ತಿಗೆ ದೊಡ್ಡಪ್ಪನ ತುಟಿಗೆ ಬಣ್ಣ ಬಂತು.

ಇದನ್ನು ಪುಟದಲ್ಲಿ ಬರೆಯಲಿಲ್ಲ. ಹೊರಗಿನ ಒಂದು ಮೊಬೈಲ್ ಚಾರ್ಜರನ್ನೂ ಪೆಟ್ಟಿಗೆಗೆ ಹಾಕಬಾರದೆಂದು ನಮ್ಮ ಮಾಲೀಕರ ಕಟ್ಟಪ್ಪಣೆ. ಬರೆದರೆ ನೋಡುತ್ತಾರೆ, ನೋಡಿದರೆ ಕೀಳಿಸುತ್ತಾರೆ. ನಾಲ್ಕೂ ಖಾಲಿ, ಏಳೂ ಖಾಲಿ ಎಂದೇ ಉಳಿಯಿತು. ಯಾರ ಗಂಟು ಹೋಯಿತು ಎಂದುಕೊಂಡೆ.

ಹೊರಡುವಾಗ ದೊಡ್ಡವ್ವನಿಗೆ, "ಈ ಪ್ಲಗ್ಗು ಮಾತ್ರ ಯಾರೂ ಮುಟ್ಬ್ಯಾಡಿ ದೊಡ್ಡವ್ವ. ಏನೇ ಆದ್ರೂ ನಾನು ಅಲ್ಲಿಂದ್ಲೇ ನೋಡ್ಕತೀನಿ" ಎಂದೆ. ಅವರು ಕೈ ತಾಗಿಸಿ ನಮ್ಮ ರೂಟರು ನಿಂತುಹೋಗಿ, ಮಾಲೀಕರು ವಿಚಾರಣೆಗೆ ಬಂದಾರು ಎಂಬ ಭಯಕ್ಕೆ ಹೇಳಿದ ಮಾತು ಅದು.

ದೊಡ್ಡವ್ವ ಹಸಿರು ದೀಪವನ್ನೇ ನೋಡಿದರು. "ಇದ್ರಲ್ಲಿ ನಾವು ನಿಂಗೆ ಕಾಣ್ತೀವಾ ಮಗ?"

ನಾನು ನಕ್ಕೆ. "ಊಂ, ಕಾಣ್ತೀರಿ ಬುಡಿ." ಬಿಡಿಸಿ ಹೇಳಲು ಹೊತ್ತಿರಲಿಲ್ಲ, ಗಾಡಿ ಚಾಲೂ ಮಾಡಿಬಿಟ್ಟಿದ್ದೆ. ಆಮೇಲೆ ಒಂದು ಸಲ ಸೊಸೆ ಫೋನಿನಲ್ಲಿ, "ನಮ್ಮತ್ತೆ ದಿನಾ ಬೆಳಿಗ್ಗೆ ಆ ಪೆಟ್ಗೆ ಮುಂದೆ ನಿಂತು 'ಎದ್ಯಾ ಮಗ, ತಿಂಡಿ ಆಯ್ತಾ' ಅಂತಾರೆ ಕಣಕ್ಕ" ಎಂದು ಹೇಳಿ ನಕ್ಕಳು. ನಾನೂ ನಕ್ಕೆ. ಆಗಲೂ ತಿದ್ದಲಿಲ್ಲ.

ಮೂರು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಾಲೀಕರು ಬಂದು ನನ್ನ ಮೇಜಿನ ಪಕ್ಕ ನಿಂತರು. "ಏನಮ್ಮ, ಆ ದೇವಲಾಪುರದ ಕಡೆ ಬ್ಯಾಟ್ರಿ ನೀರು ಕುಡ್ದಂಗೆ ಇಳೀತಾ ಅದಲ್ಲ? ಖಾಲಿ ಸಾಕೆಟ್ಟೆಲ್ಲ ಆನ್ ಆಗೇ ಬಿದ್ದವೆ. ನಾಕೂ ತಾಲ್ಲೂಕಲ್ಲಿ ಖಾಲಿ ಇರೋವೆಲ್ಲ ಆರುಸ್ಬುಡು."

ಖಾಲಿ ಸಾಕೆಟ್ಟು ಬ್ಯಾಟರಿ ತಿನ್ನುವುದಿಲ್ಲ ಎಂದು ಎಂಟನೆಯ ಕ್ಲಾಸಿನ ಮಕ್ಕಳಿಗೂ ಗೊತ್ತು. ಹೇಳಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಮಾತು ಬೆಳೆದರೆ, ಹಾಗಾದರೆ ತಿನ್ನುತ್ತಿರುವುದು ಏನು ಎಂಬ ಪ್ರಶ್ನೆ ಬರುತ್ತದೆ. "ಆಯ್ತು ಸಾರ್" ಎಂದೆ. ಒಳಗೆ ಸಿಟ್ಟು ಕುದಿಯುತ್ತಿತ್ತು. ದೊಡ್ಡ ಎಂಜಿನಿಯರ್ ಇವರು, ನನಗೆ ಪಾಠ ಹೇಳಲು ಬಂದರು ಎಂದು ಮನಸ್ಸಿನಲ್ಲೇ ಬೈಯುತ್ತಾ ಪುಟ ತೆರೆದೆ. 'ಖಾಲಿ' ಎಂದಿರುವುದನ್ನೆಲ್ಲ ಒಂದೇ ಸಲಕ್ಕೆ ಆರಿಸುವ ಸೌಕರ್ಯ ಅದರಲ್ಲಿತ್ತು. ಅದನ್ನು ಒತ್ತಿದೆ. ಖಚಿತವೇ ಎಂದು ಕೇಳಿತು. ಹೌದು ಎಂದು ಒತ್ತಿದೆ.

ಶ್ರೀರಂಗಪಟ್ಟಣದ ಸಾಲುಗಳಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ ಮೂಡಿತು. ಪಾಂಡವಪುರದಲ್ಲಿ, ಕೆ.ಆರ್. ಪೇಟೆಯಲ್ಲಿ ಮೂಡಿತು. ನಾಗಮಂಗಲದಲ್ಲಿ ಒಂದು ಸಾಲು ಇಡಿಯಾಗಿ ಬೂದಾಯಿತು.

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಸಿಟ್ಟಿನ ಭರದಲ್ಲಿ, ದೊಡ್ಡಪ್ಪನ ಸಾಕೆಟ್ಟೂ ಪುಟದ ಲೆಕ್ಕಕ್ಕೆ 'ಖಾಲಿ'ಯೇ ಎಂಬುದನ್ನು ಮರೆತಿದ್ದೆ. ನಾಲ್ಕು ಆರಿತ್ತು, ಮೆಷಿನ್ನು ನಿಂತಿತ್ತು. ಏಳೂ ಆರಿತ್ತು. ಏಳರಲ್ಲಿ ರೂಟರು. ನಾನು ಆ ಪೆಟ್ಟಿಗೆಯನ್ನು ತಲುಪುತ್ತಿದ್ದದ್ದು ಅದೇ ರೂಟರಿನ ಮೂಲಕ. ಕೂತ ಕೊಂಬೆಯನ್ನೇ ಕಡಿದಿದ್ದೆ. ಹಾಕು ಎಂದು ಒತ್ತಿದೆ. ಬೂದು. ಮತ್ತೆ ಒತ್ತಿದೆ. ಮತ್ತೆ. ಆ ಗುಂಡಿಯನ್ನು ಎಷ್ಟು ಸಲ ಒತ್ತಿದೆನೋ ನನಗೆ ನೆನಪಿಲ್ಲ, ಕಂಪ್ಯೂಟರಿನ ಮುಂದೆ ಕೂತು "ಬಾ, ಬಾ, ನಿನ್ ಕಾಲಿಗ್ ಬೀಳ್ತೀನಿ" ಎಂದು ಗೊಣಗುತ್ತಿದ್ದದ್ದು ನೆನಪಿದೆ.

ಫೋನು ತೆಗೆದೆ. ಮನೆಯ ನಂಬರು ಸಿಗಲಿಲ್ಲ. ಆ ಬೀದಿಗೆ ಮೊಬೈಲ್ ಸಿಗ್ನಲ್ಲೇ ಇಲ್ಲ, ಫೋನು ಮಾತಾಡುವುದೂ ನಮ್ಮ ವೈಫೈ ಮೇಲೆ. ಅದಕ್ಕೇ ಅವರೆಲ್ಲ ನಮ್ಮ ಗಿರಾಕಿಗಳಾದದ್ದು. ಆ ಊರಿನ ಗಿರಾಕಿಗಳ ಪಟ್ಟಿ ತೆಗೆದು ಒಂದೊಂದೇ ನಂಬರು ಒತ್ತಿದೆ. ಒಂದೂ ಸಿಗಲಿಲ್ಲ. ನನ್ನ ಕೈಯಾರೆ ನಾನು ಇಡೀ ಬೀದಿಯ ಬಾಯಿ ಕಟ್ಟಿದ್ದೆ. ಕೊನೆಗೆ ಒಬ್ಬರು ಎತ್ತಿದರು, ಅವರು ನಾಗಮಂಗಲದ ಸಂತೆಯಲ್ಲಿದ್ದರು. ಮಗ ಎತ್ತಲಿಲ್ಲ, ಮರ ಕುಯ್ಯುವ ಮೆಷಿನ್ನಿನ ಮುಂದೆ ಯಾರಿಗೆ ಫೋನು ಕೇಳಿಸುತ್ತದೆ? ಸೊಸೆಯ ಅಂಗಡಿ ಅದೇ ಬೀದಿಯ ಆಚೆ ತುದಿಯಲ್ಲಿ, ಅಲ್ಲಿಯೂ ಸಿಗ್ನಲ್ಲಿಲ್ಲ. ಆಂಬುಲೆನ್ಸಿಗೆ ಹೇಳಿದೆ. ಹತ್ತಿರದ ಗಾಡಿ ಬೇರೆ ರೋಗಿಯನ್ನು ಕರೆದುಕೊಂಡು ಹೋಗಿದೆ, ಇನ್ನೊಂದನ್ನು ಕಳಿಸುತ್ತೇವೆ ಎಂದರು. ನಾನು ಸ್ಕೂಟರಿನ ಕೀಲಿ ತೆಗೆದುಕೊಂಡು ಮೆಟ್ಟಿಲಿಳಿದೆ. ಮಾಲೀಕರು ಹಿಂದಿನಿಂದ ಏನೋ ಕೂಗಿದರು.

ಕಬ್ಬು ಕಡಿಯುವ ಕಾಲ. ಪಾಂಡವಪುರ ದಾಟುವವರೆಗೆ ಕಬ್ಬಿನ ಟ್ರಾಕ್ಟರುಗಳ ಸಾಲು. ಒಂದೊಂದಕ್ಕೂ ಎರಡೆರಡು ಟ್ರೇಲರು, ರಸ್ತೆ ತುಂಬ ತೊನೆಯುತ್ತಾ, ಯಾರಪ್ಪನ ಮನೆ ಗಂಟು ಹೋಯಿತು ಎನ್ನುವ ಹಾಗೆ. ಹಾರ್ನು ಒತ್ತಿ ಒತ್ತಿ ಹೆಬ್ಬೆರಳು ನೋಯತೊಡಗಿತು. ಒಬ್ಬ ಡ್ರೈವರು ತಿರುಗಿ, "ಯಾಕವ್ವ ಸಾಯಕ್ಕೆ ಓಯ್ತಾ ಇದೀಯಾ?" ಎಂದ. ನಾನು ಅವನಿಗೆ ಏನೆಂದೆನೋ ಅದನ್ನು ಇಲ್ಲಿ ಬರೆಯಲಾರೆ. ತೊಣ್ಣೂರಿನ ಬೋರ್ಡು ಹಿಂದೆ ಹೋಯಿತು. ಜಕ್ಕನಹಳ್ಳಿ ಹತ್ತಿರ ನಿಂತು ಮತ್ತೆ ಫೋನು ಮಾಡಿದೆ. ಇಲ್ಲ.

ದಾರಿಯುದ್ದಕ್ಕೂ ಅಳುತ್ತಾ ನನ್ನನ್ನೇ ನಾನು ಬೈದುಕೊಂಡೆ. ಅಳು ಬಂದರೆ ರಸ್ತೆ ಕಾಣುವುದಿಲ್ಲ ಎಂದು ಅದಕ್ಕೂ ಬೈದುಕೊಂಡೆ. ಒಳ್ಳೆಯದು ಮಾಡುತ್ತೇನೆಂದು ಹೊರಟವಳು ಎರಡು ಪದ ಬರೆಯಲು ಹೆದರಿದೆನಲ್ಲ. ಮಾಲೀಕರು ಬೈದಿದ್ದರೆ ಏನಾಗುತ್ತಿತ್ತು? ಬೈಗುಳಕ್ಕೆ ಯಾರೂ ಸತ್ತಿಲ್ಲ. ನಾನು ನನ್ನ ಮರ್ಯಾದೆ ಉಳಿಸಿಕೊಂಡು ಇನ್ನೊಬ್ಬರ ಉಸಿರನ್ನು ಅಡವಿಟ್ಟಿದ್ದೆ. ಮನೆಯ ಮುಂದೆ ಜನ ಸೇರಿದ್ದರೆ ಗಾಡಿ ತಿರುಗಿಸಿಕೊಂಡು ಓಡಿಹೋಗುತ್ತೇನೆ ಎಂಬ ಯೋಚನೆಯೂ ಬಂತು. ಬಂತು ಎಂದು ಒಪ್ಪಿಕೊಳ್ಳುತ್ತೇನೆ.

ಜನ ಸೇರಿರಲಿಲ್ಲ. ಒಳಗೆ ಹೋದೆ. ದೊಡ್ಡಪ್ಪ ಅದೇ ಮಂಚದ ತುದಿಯಲ್ಲಿ, ದಿಂಬನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಬಾಗಿದ್ದರು. ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. ಕೊಳವೆ ಮೂಗಿನಲ್ಲೇ ಇತ್ತು, ಏನೂ ಬಾರದ ಕೊಳವೆ. ದೊಡ್ಡವ್ವ ಬೆನ್ನು ನೀವುತ್ತಿದ್ದರು. ಅವರ ತಲೆಯ ಮೇಲೆ ಸೀಲಿಂಗ್ ಫ್ಯಾನು ತಿರುಗುತ್ತಿತ್ತು.

ಫ್ಯಾನು ತಿರುಗುತ್ತಿತ್ತು. ಮನೆಯಲ್ಲಿ ಕರೆಂಟಿತ್ತು. ಮಂಚದಿಂದ ಒಂದು ಮೊಳ ದೂರದಲ್ಲಿ ಗೋಡೆಯ ಸಾಕೆಟ್ಟಿತ್ತು. ನಾನು ನಾಲ್ಕನೆಯದರಿಂದ ಪ್ಲಗ್ಗು ಕಿತ್ತು ಗೋಡೆಗೆ ಚುಚ್ಚಿದೆ. ಮೆಷಿನ್ನು ಗುರ್ ಎಂದಿತು. ಇಷ್ಟೇ ಕೆಲಸ. ಹತ್ತು ಎಣಿಸುವುದರೊಳಗೆ ಆಗುವ ಕೆಲಸ. ಒಂದೂಕಾಲು ಗಂಟೆ ಅದನ್ನು ಯಾರೂ ಮಾಡಿರಲಿಲ್ಲ.

"ಗೋಡೆಗೆ ಆಕ್ಬಾರ್ದಿತ್ತಾ ದೊಡ್ಡವ್ವ? ಮೊದ್ಲೆಲ್ಲ ಅಲ್ಲೇ ಆಕ್ತಿರ್ಲಿಲ್ವಾ?" ಎಂದು ಕಿರುಚಿಯೇಬಿಟ್ಟೆ.

"ಮುಟ್ಬ್ಯಾಡಿ ಅಂದಿದ್ದೆಯಲ್ಲ ಮಗ" ಎಂದರು ಅವರು, ಮೆತ್ತಗೆ. "ನಮ್ ಮಗನ್ಗೆ ಯೋಳ್ಕಳಿಸವಾ ಅಂದ್ರೆ ಇವ್ರನ್ನ ಬುಟ್ಟು ಎಂಗೋಗ್ಲಿ? ನೀನು ನೋಡ್ತಿರ್ತೀಯ, ಈಗ ಆಕ್ತೀಯ, ಈಗ ಆಕ್ತೀಯ ಅಂತ ಕುಂತಿದ್ದೆ. ದೀಪದ್ ಮುಂದೆ ನಿಂತ್ಕಂಡು ಕೈನೂ ಬೀಸ್ದೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಷ್ಟರಲ್ಲಿ ಆಂಬುಲೆನ್ಸು ಬಂತು. ಬಂದವರು ದೊಡ್ಡಪ್ಪನ ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ಏರುತ್ತಿದೆ, ಆದರೂ ಒಂದು ದಿನ ಆಸ್ಪತ್ರೆಯಲ್ಲಿರಲಿ ಎಂದರು. ದೊಡ್ಡವ್ವ ಅವರ ಮುಂದೆ ನನ್ನ ತಲೆ ಸವರಿದರು. "ಪಾಂಡವಪುರದಲ್ಲಿ ಕುಂತಿದ್ದೋಳು ಅಲ್ಲಿಂದ್ಲೇ ನೋಡಿ ಓಡ್ಬಂದವ್ಳೆ ಕಣಪ್ಪ. ಇವ್ಳಿಲ್ದಿದ್ರೆ ಇವತ್ತು ನನ್ ಗತಿ ಏನಾಗ್ತಿತ್ತೋ." ಹೊರಗೆ ಬಂದ ಅಕ್ಕಪಕ್ಕದವರಿಗೂ ಅದನ್ನೇ ಹೇಳಿದರು. ಅಷ್ಟು ಹೊತ್ತು ದಾರಿಯಲ್ಲಿ ಅತ್ತವಳಿಗೆ ಆರಿಸಿದ್ದು ನಾನೇ ಎಂಬ ಒಂದು ಮಾತು ಹೇಳಲು ಧೈರ್ಯ ಬರಲಿಲ್ಲ.

ಪಟ್ಟಿಯ ಮೇಲಿನ ಗುಂಡಿ ಕೈಯಾರೆ ಒತ್ತಿ ನಾಲ್ಕನ್ನೂ ಏಳನ್ನೂ ಮತ್ತೆ ಚಾಲೂ ಮಾಡಿ, ಆಫೀಸಿಗೆ ವಾಪಸು ಬಂದು ಮಾಲೀಕರಿಗೆ ಎಲ್ಲ ಹೇಳಿದೆ. ಅವರು, "ಬರ್ದಿದ್ರೆ ನಾನು ಬ್ಯಾಡ ಅಂತಿದ್ನಾ?" ಎಂದರು. ಅನ್ನುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅದನ್ನು ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆ. ಪುಟ ತೆರೆದು ಆ ಸಾಲಿನ ನಾಲ್ಕನೆಯ ಚುಕ್ಕೆಯ ಕೆಳಗೆ 'ದೊಡ್ಡಪ್ಪನ ಗಾಳಿ ಮಿಷನ್ನು, ಆರಿಸಬೇಡಿ' ಎಂದು ಬರೆದೆ. ಏಳರ ಕೆಳಗೆ 'ರೂಟರು' ಎಂದು ಬರೆದೆ. ಅರ್ಧ ನಿಮಿಷವೂ ಆಗಲಿಲ್ಲ.

ದೊಡ್ಡಪ್ಪ ಮನೆಗೆ ಬಂದ ಮೂರನೆಯ ದಿನ ಮತ್ತೆ ಹೋದೆ. ದೊಡ್ಡವ್ವ ಕಾಫಿ ತಂದಿಟ್ಟರು. ಲೋಟ ಮುಟ್ಟದೆ, ಒಂದೇ ಉಸಿರಿಗೆ, "ಆವತ್ತು ಅದನ್ನ ಆರ್ಸಿದ್ದು ನಾನೇ ದೊಡ್ಡವ್ವ" ಎಂದೆ. ನಡೆದದ್ದೆಲ್ಲ ಹೇಳಿದೆ. ಬೈಯಲಿ, ಹೊರಗೆ ಹಾಕಲಿ ಎಂದು ಕಾದೆ. ದೊಡ್ಡಪ್ಪ ಕೊಳವೆಯೊಳಗಿಂದಲೇ "ಓಗ್ಲಿ ಬುಡು" ಎಂದರು. ದೊಡ್ಡವ್ವ ಪೆಟ್ಟಿಗೆಯ ಕಡೆ ನೋಡಿದರು. ಹಸಿರು ದೀಪ ಉರಿಯುತ್ತಿತ್ತು.

"ಅಂಗಾರೆ ನಾನು ಕೈ ಬೀಸಿದ್ದು ನಿಂಗೆ ಕಾಣ್ನಿಲ್ವಾ?"

"ಇಲ್ಲ ದೊಡ್ಡವ್ವ."

"ಯಾವತ್ತೂ ಕಾಣ್ತಿರ್ಲಿಲ್ವಾ?"

"ಇಲ್ಲ. ಬರೀ ಚುಕ್ಕೆ ಕಾಣ್ತದೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಮೆಷಿನ್ನಿನ ಪ್ಲಗ್ಗನ್ನು ಗೋಡೆಯಿಂದ ತೆಗೆದು ಮತ್ತೆ ನಾಲ್ಕಕ್ಕೆ ಹಾಕಿದೆ. ಅವರ ಕೈ ಹಿಡಿದು ಎಬ್ಬಿಸಿ, ನಾಲ್ಕನೆಯ ಸಾಕೆಟ್ಟಿನಿಂದ ಪ್ಲಗ್ಗು ಕೀಳುವುದು ಹೇಗೆ, ಗೋಡೆಗೆ ಹಾಕುವುದು ಹೇಗೆ ಎಂದು ತೋರಿಸಿದೆ. ಈಗ ನೀವೇ ಮಾಡಿ ಎಂದೆ. ಕಿತ್ತರು, ಗೋಡೆಗೆ ಚುಚ್ಚಿದರು, ಮೆಷಿನ್ನು ಗುರ್ ಎಂದಿತು. ಇನ್ನೊಂದ್ಸಲ ಎಂದೆ. ಪ್ರತಿ ಸಲವೂ ಪ್ಲಗ್ಗು ಹಾಕಿದ ಮೇಲೆ ತಲೆಯೆತ್ತಿ ಆ ಹಸಿರು ದೀಪದ ಕಡೆ ನೋಡುತ್ತಿದ್ದರು, ಸರಿಯಾಯಿತಾ ಎಂದು ಕೇಳುವವರ ಹಾಗೆ. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಆರನೆಯ ಸಲಕ್ಕೆ ನೋಡುವುದನ್ನು ಬಿಟ್ಟರು.