ಕೋಟಿನೊಳಗೆ ಎರಡಿಂಚು ಬಟ್ಟೆ

ಬೆಳಗ್ಗೆ ಐದೂವರೆ. ಮೊಗ್ರಾಲಿನ ಹೆದ್ದಾರಿಯಲ್ಲಿ ಮೊದಲ ಬಸ್ಸಿನ ಹಾರ್ನ್ ಇನ್ನೂ ಕೇಳಿಲ್ಲ. ಜಮೀಲಾ ಆಗಲೇ ಮೆಷಿನ್ನಿನ ಮುಂದೆ ಕೂತು ಕಪ್ಪು ಕೋಟೊಂದರ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದಾರೆ. ಕೋಟು ನಾಝಿಯಾ ಎಂಬ ಎಳೆಯ ವಕೀಲೆಯದು. ನ್ಯಾಯಾಧೀಶರ ಪರೀಕ್ಷೆ ಪಾಸಾಗಿದ್ದಾಳೆ. ಹೆರಿಗೆಯಾಗಿ ಐದು ತಿಂಗಳು, ಗುಂಡಿ ಕೂರುವುದಿಲ್ಲ. ಇವತ್ತೇ ಎಂಟೂವರೆಯ ರೈಲಿನಲ್ಲಿ ತರಬೇತಿಗೆ ಹೊರಡಬೇಕು. ಮನೆಯಲ್ಲಿ ಮಾತ್ರ ‘ಮಗು ಸಣ್ಣದು, ಬರುವ ವರ್ಷ ನೋಡುವ’ ಎಂಬ ರಾಗ.

“ಬರ್ತಾಳಾ ಇಲ್ವಾ ಗೊತ್ತಿಲ್ಲ ಮಾರಾಯ್ರೆ. ನನ್ನ ಕೆಲಸ ನಾನು ಮಾಡಿ ಇಡ್ತೇನೆ” ಎನ್ನುತ್ತಾರೆ.

ಅರುವತ್ತೊಂದರ ಜಮೀಲಾ ನಲುವತ್ತು ವರ್ಷಗಳಿಂದ ಕಾಸರಗೋಡಿನ ವಕೀಲರಿಗೆ, ನ್ಯಾಯಾಧೀಶರಿಗೆ ಕೋಟು ಹೊಲಿಯುತ್ತಿದ್ದಾರೆ. ವಾರಕ್ಕೆ ಆರು ಆಗುತ್ತಿತ್ತು, ಈಗ ನಾಲ್ಕು. ಕಪ್ಪು ಬಟ್ಟೆಯ ಮೇಲೆ ಕಪ್ಪು ನೂಲು ಕಾಣುವುದಿಲ್ಲವಂತೆ. ಕೆಲಸ ಕಲಿಸಿದ್ದು ತಂದೆ ಪೊಕ್ಕರ್. ಕೋರ್ಟಿನ ಬಳಿಯ ಅವರ ಅಂಗಡಿ, ಇದ್ದಿಲಿನ ಇಸ್ತ್ರಿಪೆಟ್ಟಿಯ ವಾಸನೆ, ಬೆಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ ವಕೀಲರು... ಹೇಳುತ್ತಾ ಹೇಳುತ್ತಾ ಕೈಯಲ್ಲಿನ ಸೂಜಿಯನ್ನೇ ಮರೆಯುತ್ತಾರೆ. “ಎಂತ ಕಾಲ ಅದು! ಬಾಪ ಒಂದು ಮಾತಾಡಿದರೆ ಇಡೀ ಬೆಂಚು ನಗ್ತಿತ್ತು.”

ಆ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬರೇ ವಕೀಲೆ ವಸುಮತಿ. ಬಸುರಿಯಾದಾಗ ಕೋಟಿನ ಗುಂಡಿ ಹಾಕಲಾಗದೆ, ಫೈಲನ್ನು ಹೊಟ್ಟೆಗೆ ಅಡ್ಡ ಹಿಡಿದು ವಾದಿಸಿದವರು. ಹೊಲಿಗೆ ಬಿಚ್ಚಿ ಸಡಿಲಿಸೋಣವೆಂದರೆ ಒಳಗೆ ಬಟ್ಟೆಯೇ ಇರಲಿಲ್ಲ. ಪೊಕ್ಕರ್ ಗಂಡಸರ ಕೋಟಿನ ಹಾಗೆಯೇ ಕತ್ತರಿಸಿದ್ದರು. ಅಂದಿನಿಂದ ಜಮೀಲಾ ಹೆಂಗಸರ ಕೋಟಿನ ಎರಡೂ ಪಕ್ಕದಲ್ಲಿ ಎರಡಿಂಚು ಬಟ್ಟೆ ಒಳಗೆ ಮಡಚಿ ಬಿಡುತ್ತಾರೆ. ಯಾರಿಗೂ ಹೇಳುವುದಿಲ್ಲ.

ಅವರ ಅಳತೆ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ, ಹೊಸ ಹುದ್ದೆಯ ಕೋಟಿಗೆ ಹೊಸ ಸಾಲು. ಗಂಡಸರ ಪುಟಗಳು ಭರ್ತಿ: ಮುನ್ಸಿಫ್, ಸಬ್ ಜಡ್ಜ್, ಜಿಲ್ಲಾ ಜಡ್ಜ್, ಹುದ್ದೆಯೂ ಹೊಟ್ಟೆಯೂ ಒಟ್ಟಿಗೇ ಬೆಳೆದಿವೆ. ಹೆಂಗಸರ ಪುಟದಲ್ಲಿ ಒಂದು ಸಾಲು, ಹೆಚ್ಚೆಂದರೆ ಎರಡು. ವಸುಮತಿಯವರದು ಎರಡು.

“ಅವರು ಮುನ್ಸಿಫ್ ಆದರು. ಪ್ರಮೋಷನ್ ಬಂತು, ಇಡುಕ್ಕಿಗೆ ವರ್ಗ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಬೇಡ ಅಂತ ಬರೆದು ಕೊಟ್ಟರು. ಗಂಡಸರಿಗೂ ದೂರವೇ ವರ್ಗ ಆಗಿತ್ತಲ್ಲ? ಅವರ ಮನೆಯನ್ನು ಹೆಂಡತಿಯರು ಕಟ್ಟಿಕೊಂಡು ಹಿಂದೆಯೇ ಹೋದರು. ವಸುಮತಿಯಮ್ಮನ ಮನೆ ಕಟ್ಟಿಕೊಂಡು ಹೋಗುವವರು ಯಾರು? ಪ್ರಮೋಷನ್ನಿನ ಕೋಟಿಗೆಂದು ಅವರು ತಂದುಕೊಟ್ಟ ಬಟ್ಟೆ ಈಗಲೂ ನನ್ನ ಪೆಟ್ಟಿಗೆಯಲ್ಲಿ ಉಂಟು. ನೋಡಿದರೆ ಹೊಟ್ಟೆ ಉರೀತದೆ.”

ಮೇಲಿನ ಪೀಠಗಳಲ್ಲಿ ಹೆಂಗಸರು ಯಾಕೆ ಕಡಿಮೆ ಎಂದು ಸೆಮಿನಾರು ನಡೆಸುವವರು ಒಮ್ಮೆ ಇಲ್ಲಿಗೆ ಬಂದು ಈ ಪುಸ್ತಕ ತಿರುವಿ ನೋಡಲಿ.

ಏಳೂವರೆ ದಾಟುತ್ತದೆ. ಜಮೀಲಾ ಮೂರನೇ ಸಲ ಗೇಟಿನತ್ತ ನೋಡುತ್ತಾರೆ. ಕೊನೆಗೂ ಆಟೋ ನಿಲ್ಲುತ್ತದೆ. ನಾಝಿಯಾ ಇಳಿಯುತ್ತಾಳೆ. ಹಿಂದೆಯೇ ಮಗುವನ್ನೆತ್ತಿಕೊಂಡು ಗಂಡ ಉನೈಸ್, ಹೆಗಲಲ್ಲಿ ಹಾಲಿನ ಬಾಟಲಿಯ ಚೀಲ.

“ನಾನೂ ಒಟ್ಟಿಗೆ ಹೋಗ್ತೇನೆ ಜಮೀಲಾತ. ಅಲ್ಲಿ ರೂಮು ಮಾಡಿ ಆಗಿದೆ. ಗಲ್ಫಿನ ಕೆಲಸಕ್ಕೆ ಮತ್ತೆ ಹೋದರಾಯ್ತು” ಎನ್ನುತ್ತಾನೆ ಉನೈಸ್.

ಕೋಟಿನ ಗುಂಡಿ ಸಲೀಸಾಗಿ ಕೂರುತ್ತದೆ. ಜಮೀಲಾ ಹೊಸ ಅಳತೆಯನ್ನು ನಾಝಿಯಾಳ ಪುಟದಲ್ಲಿ ಬರೆದು, ಕೆಳಗಿನ ಖಾಲಿ ಜಾಗದ ಮೇಲೆ ಬೆರಳಿಡುತ್ತಾರೆ.

“ಇದನ್ನು ನೀನು ಭರ್ತಿ ಮಾಡ್ಬೇಕು ಮಗಳೇ. ಅಲ್ಲಿವರೆಗೆ ನನಗೆ ಕಣ್ಣು ಕಂಡರೆ ಸಾಕು.”