ಇಪ್ಪತ್ತೆರಡು ಗೆರೆ

ಗಂಜಾಮಿನ ಮುನಾವರ್ ಪಾಷಾ ಸಾಬರಷ್ಟು ತಾಳ್ಮೆಯ ಮನುಷ್ಯನನ್ನು ನಾನು ಕಂಡಿಲ್ಲ. ನನ್ನಂಥ ದುಡುಕನನ್ನು ಅವರೂ ಕಂಡಿರಲಾರರು. ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರ ಬಂದೂಕುಗಳನ್ನು ಐವತ್ತು ವರ್ಷ ರಿಪೇರಿ ಮಾಡಿದವರು. ಸೀಮೆಎಣ್ಣೆಯಲ್ಲಿ ನಳಿಗೆ ತೊಳೆದು, ಮರಕ್ಕೆ ಅಂಗೈಯಲ್ಲೇ ಅಗಸೆ ಎಣ್ಣೆ ತಿಕ್ಕಿ, ಒಂದೊಂದಕ್ಕೂ ವಾರಗಟ್ಟಲೆ ಹಿಡಿಸುವರು. ಅವಸರ ಮಾಡಿದವರಿಗೆ, "ಅರೆ, ಉಪ್ಪುಕಾಗದ ಆಕಿದ್ರೆ ಒಂದ್ ಗಂಟೆ ಕೆಲ್ಸ. ಆಮೇಲೆ ಉಳಿಯೋದು ಬರೀ ಸೌದೆ" ಎಂದು ನಗುವರು.

ನಮ್ಮದು ಮಿಲಿಟರಿಯವರು ಹರಾಜು ಹಾಕಿದ ಹಳೇ ರೈಫಲ್. ಪಾಲಹಳ್ಳಿಯ ನಮ್ಮ ಕಬ್ಬಿನ ಗದ್ದೆಗೆ ಹಂದಿ ನುಗ್ಗಿದರೆ ಅಪ್ಪ ಚಿಕ್ಕಸ್ವಾಮಿ ಅದನ್ನು ಹಿಡಿದು ಓಡುತ್ತಿದ್ದ. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಅದು ಗಂಜಾಮಿಗೆ ಹೋಗಲೇಬೇಕು. ಕೆಲಸ ಮುಗಿದ ಮೇಲೆ ಸಾಬರು, ಹೆಗಲಿಗೆ ಒತ್ತುವ ಮರದ ಮೇಲೆ ಚೂರಿಯಿಂದ ಒಂದು ಗೆರೆ ಎಳೆಯುವರು. "ಈ ವರ್ಸಾನೂ ಇಬ್ರೂ ಬದುಕಿದೀವಿ ಕಣ್ಲಾ ಪಾಷಾ" ಎಂದು ಅಪ್ಪ ಚಾ ತರಿಸುತ್ತಿದ್ದ. ಹಾಗೆ ಇಪ್ಪತ್ತೆರಡು ಗೆರೆಗಳಾದವು. ಅವರ ಸ್ನೇಹಕ್ಕೆ ಉಳಿದ ಗುರುತು ಅದೊಂದೇ. ಜೊತೆಯಲ್ಲಿ ಒಂದು ಫೋಟೋ ಕೂಡ ತೆಗೆಸಿಕೊಂಡವರಲ್ಲ.

ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗಾಯಿತು. ನಾನು ರೈಫಲನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕಿ, ಎಂಟು ವರ್ಷ ತಿರುಗಿಯೂ ನೋಡಲಿಲ್ಲ. ಹೋದ ದಸರಾದ ಹೊತ್ತಿಗೆ ಸಾಬರ ಮಗಳು ಶಬ್ರೀನ್ ಫೋನ್ ಮಾಡಿದಳು: "ಅಣ್ಣಾ, ಅಬ್ಬಾ ಅಂಗಡಿ ಮುಚ್ತಾವ್ರೆ. ಕಣ್ಣು ಸರಿಯಾಗಿ ಕಾಣಾಕಿಲ್ಲ. ಚಿಕ್ಕಸ್ವಾಮಣ್ಣನ ಬಂದೂಕಿಗೆ ಕೊನೇದಾಗಿ ಒಂದ್ ಗೆರೆ ಎಳೀಬೇಕಂತೆ, ತಕಂಬನ್ನಿ."

ಗೋಣಿ ಬಿಚ್ಚಿದರೆ ತುಕ್ಕು, ಬೂಷ್ಟು, ಇಲಿ ಹಿಕ್ಕೆ. ಥೂ, ಇದನ್ನು ಯಾವ ಮುಖ ಇಟ್ಟುಕೊಂಡು ಅವರ ಮುಂದೆ ಇಡುವುದು? ಅವರ ಮಾತು ನೂರು ಸಲ ಕೇಳಿದವನೇ ನಾನು, ಆದರೂ ಉಪ್ಪುಕಾಗದ ತಂದೆ. ತುಕ್ಕು ತಿಕ್ಕಿದ ಕೈಯಲ್ಲೇ ಮರವನ್ನೂ ತಿಕ್ಕಿದೆ. ಬೂಷ್ಟಿನ ಜೊತೆ ಇನ್ನೇನು ಹೋಗುತ್ತಿದೆಯೆಂದು ನೋಡಲೇ ಇಲ್ಲ, ಮುಠ್ಠಾಳ.

ಸಾಬರು ರೈಫಲನ್ನು ತೊಡೆಯ ಮೇಲಿಟ್ಟುಕೊಂಡು ಮರದ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೊಮ್ಮೆ ಆಡಿಸಿದರು. ಮಗುಚಿ ಆ ಕಡೆಯೂ ತಡವಿದರು.

"ರವೀಂದ್ರಾ, ಗೆರೆ ಎಲ್ಲಪ್ಪಾ?"

ಆಗಲೇ ನನಗೆ ಹೊಳೆದದ್ದು. ನಿಂತ ನೆಲ ಬಾಯಿಬಿಡಬಾರದೇ ಅನಿಸಿತು. "ತುಕ್ಕಿಡ್ದಿತ್ತು ಚಾಚಾ. ನೀವು ಬೈತೀರಾ ಅಂತ ನಾನೇ ಉಜ್ಬುಟ್ಟೆ. ತಪ್ಪಾಯ್ತು."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಹಿಂದಿನಂತೆಯೇ ಸಂಜೆಯವರೆಗೆ ಕೂತು ಎಣ್ಣೆ ತಿಕ್ಕಿದರು. ಕೊನೆಗೆ ನಾನೇ ಚೂರಿ ತೆಗೆದು ಅವರ ಕೈಗಿಟ್ಟೆ. "ಒಂದಾದ್ರೂ ಎಳೀರಿ ಚಾಚಾ."

ಅವರು ಚೂರಿಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದರು.

"ಇಪ್ಪತ್ಮೂರನೇದು ಎಳೆಯಾಕೆ ಕೂತಿದ್ದೆ ಕಣಪ್ಪಾ. ಒಂದನೇದು ಎಳೆಯಾಕೆ ಚಿಕ್ಕಸ್ವಾಮಿ ಬೇಕಲ್ಲ."